ಅಕ್ಕನ ಮಗಳ ಬಿಡುಗಡೆ

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ, ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಈ ಕೇಸನ್ನು ಹೇಳುವ ರೀತಿಯೇ ಬೇರೆ. ಕಟಕಟೆಯಲ್ಲಿ ನಿಂತ ಗಂಡ ಬಾಯಿ ಬಿಡಲಿಲ್ಲವಂತೆ, ಹಿಂದಿನ ಬೆಂಚಿನಿಂದ ಅವನ ತಾಯಿ ಎದ್ದು ಗದರಿದಳಂತೆ, ನ್ಯಾಯಾಧೀಶರೇ ನಕ್ಕುಬಿಟ್ಟರಂತೆ, ಕೇಸು ಅಲ್ಲಿಗೇ ಮುಗಿಯಿತಂತೆ. ‘ಅಜ್ಜಿ ಕೂಗಿ ಗೆದ್ದ ಕೇಸು’ ಎಂದು ಅದಕ್ಕೆ ಹೆಸರು. ಹೊಸದಾಗಿ ಕರಿ ಕೋಟು ಹಾಕಿಕೊಂಡು ಬಂದವರಿಗೆಲ್ಲ ಮೊದಲ ವಾರವೇ ಟೀ ಜೊತೆಗೆ ಈ ಕಥೆಯೂ ಸಿಗುತ್ತದೆ.

ಆ ಕೇಸು ನಡೆಸಿದವಳು ನಾನು. ನನಗೆ ಆಕ್ಷೇಪಣೆಗಳಿವೆ. ಹಿಂದಿನ ಬೆಂಚಿನಿಂದ ಯಾರೋ ಕೂಗಿದ್ದನ್ನು ಯಾವ ಕೋರ್ಟೂ ಸಾಕ್ಷ್ಯವೆಂದು ಬರೆದುಕೊಳ್ಳುವುದಿಲ್ಲ; ಇದು ಮೊದಲನೆಯದು. ಆ ಕೇಸನ್ನು ಯಾರೂ ಗೆಲ್ಲಲಿಲ್ಲ ಎನ್ನುವುದು ಎರಡನೆಯದು. ಮೂರನೆಯದು ಕಥೆ ಮುಗಿಯುವ ಜಾಗದ ಬಗ್ಗೆ. ಅದನ್ನು ಅಲ್ಲಿಗೆ ಬಂದಾಗ ಹೇಳುತ್ತೇನೆ.

ಇಂಥದ್ದನ್ನೆಲ್ಲ ನಿವೃತ್ತರು ಬರೆಯಬೇಕು, ನಿನಗಿನ್ನೂ ತಲೆ ನರೆತಿಲ್ಲ ಎನ್ನುವವರಿದ್ದಾರೆ. ವಕಾಲತ್ತಿಗೆ ನಿವೃತ್ತಿಯ ವಯಸ್ಸು ಎಲ್ಲಿದೆ? ಕೋಟು ಬಿಚ್ಚಿಟ್ಟ ದಿನವೇ ನಿವೃತ್ತಿ. ನಾನು ಮೂವತ್ತೈದು ತುಂಬುವ ಮೊದಲೇ ಬಿಚ್ಚಿಟ್ಟೆ. ಈಗ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಅವರಲ್ಲಿ ಕೆಲವರು ಪ್ರತಿ ವರ್ಷ ಬಂದು, “ಮೇಡಂ, ನಾವೂ ಲಾ ಓದ್ತೀವಿ, ನಮಗೆ ವಾದ ಚೆನ್ನಾಗಿ ಬರುತ್ತೆ” ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನೂ ಹಾಗೆಯೇ ಬಂದವಳು. ನನ್ನ ಸೀನಿಯರ್ ಗೋವಿಂದಪ್ಪನವರ ಆಫೀಸು ಡೆಂಕಣಿಕೋಟೆ ರಸ್ತೆಯ ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ಮೊದಲ ದಿನ ಅವರು ಕನ್ನಡಕ ಒರೆಸುತ್ತಾ ಕೇಳಿದರು:

“ಏನಮ್ಮ, ನಿಂಗೇನ್ ಬತ್ತದೆ?”

“ವಾದ ಬರುತ್ತೆ ಸಾರ್.”

“ಅದು ನಮ್ಮ ಆಫೀಸ್‌ಗೆ ಬರೋ ಎಲ್ಲಾ ಗಂಡ ಹೆಂಡ್ತೀರ್‌ಗೂ ಬತ್ತದೆ. ಇನ್ನೇನ್ ಬತ್ತದೆ?”

ಉತ್ತರಕ್ಕೆ ಕಾಯದೆ ಒಂದು ಫೈಲನ್ನು ನನ್ನ ಮುಂದೆ ತಳ್ಳಿದರು.

ವಿಚ್ಛೇದನದ ಕೇಸುಗಳಲ್ಲಿ ಅವರದೊಂದು ಪದ್ಧತಿಯಿತ್ತು. ನಮ್ಮ ಕಡೆ ವಿಚ್ಛೇದನಕ್ಕೆ ಗಂಡ ಹೆಂಡತಿ ಇಬ್ಬರೇ ಬರುವುದಿಲ್ಲ. ಟೆಂಪೋ ತುಂಬ ಜನ ಬರುತ್ತಾರೆ. ಗೋವಿಂದಪ್ಪನವರು ಆ ಜನವನ್ನೆಲ್ಲ ಕೆಳಗೆ, ಗೊಬ್ಬರದ ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ ಕೂರಿಸಿ ಗಂಡ ಹೆಂಡತಿಯನ್ನು ಮಾತ್ರ ಮೇಲಕ್ಕೆ ಬಿಡುತ್ತಿದ್ದರು. ತಪ್ಪು ಯಾರದೆಂದು ಕೇಳುತ್ತಿರಲಿಲ್ಲ. “ಯಾಕ್ ಬಿಡ್ತೀರಿ ಅಂತ ಕೇಳ್ಬೇಡ. ಬಿಟ್ಟ ಮಾರ್ನೆ ದಿನ ಬೆಳಿಗ್ಗೆ ಏನಾಗ್ತದೆ ಅಂತ ಕೇಳು” ಎಂದು ನನಗೆ ಹೇಳಿಕೊಟ್ಟರು. ಮಗು ಯಾರ ಮನೆಯಿಂದ ಶಾಲೆಗೆ ಹೋಗುತ್ತದೆ, ರೇಷನ್ ಕಾರ್ಡಿನಲ್ಲಿ ಯಾರ ಹೆಸರು ಉಳಿಯುತ್ತದೆ, ತವರಿನಿಂದ ತಂದ ಒಡವೆ ಎಲ್ಲಿದೆ, ಜಂಟಿ ಹೆಸರಿನ ಸೈಟು ಯಾರಿಗೆ, ಪಿ.ಎಫ್.ನಲ್ಲಿ ನಾಮಿನಿ ಯಾರು. ಇಷ್ಟನ್ನು ಒಂದೊಂದಾಗಿ ಕೇಳುತ್ತಾ ಹೋದರೆ ಜಗಳ ತಾನಾಗಿಯೇ ಸಣ್ಣದಾಗುತ್ತಿತ್ತು. ನನಗೆ ಇದು ವಕೀಲಿಕೆಯಂತೆಯೇ ಕಾಣುತ್ತಿರಲಿಲ್ಲ. ಮದುವೆ ಮನೆಯಲ್ಲಿ ಪಾತ್ರೆ ಎಣಿಸಿಕೊಡುವ ಕೆಲಸದಂತೆ ಕಾಣುತ್ತಿತ್ತು.

ಕೆಲಮಂಗಲದಿಂದ ಬಂದ ಒಂದು ಜೋಡಿ ನೆನಪಾಗುತ್ತದೆ. ಗಂಡನದು ಬಟ್ಟೆ ಅಂಗಡಿ, ಹೆಂಡತಿ ಟೀಚರು. ಮನೆ, ಒಡವೆ, ಮಗ ಎಲ್ಲವೂ ಒಂದು ಗಂಟೆಯೊಳಗೆ ತೀರ್ಮಾನವಾಯಿತು. ನಾನು ಪೆನ್ನು ಮುಚ್ಚುವಷ್ಟರಲ್ಲಿ ಆಕೆ, “ಗ್ಯಾಸ್ ಕನೆಕ್ಷನ್?” ಎಂದಳು. ಇಬ್ಬರೂ ಎದ್ದು ನಿಂತರು. “ಕ್ಯೂ ನಿಂತು ಬರೆಸ್ದೋನು ನಾನು!” “ಅದು ಬರೋವರ್ಗೂ ಸೌದೆ ಒಲೆ ಊದ್ದೋಳು ನಾನು!” ಕೆಳಗಿನ ಟೀ ಅಂಗಡಿಯಿಂದ ನೆಂಟರು ಮೆಟ್ಟಿಲು ಹತ್ತತೊಡಗಿದರು. ಗೋವಿಂದಪ್ಪನವರು ಗಂಡನನ್ನು ಕೇಳಿದ್ದು ಒಂದೇ ಮಾತು: “ನಿಂಗೆ ಅನ್ನ ಮಾಡಕ್ಕೆ ಬತ್ತದೇನಪ್ಪ?” ಆತ ಕೂತ. ಕನೆಕ್ಷನ್ ಹೆಂಡತಿಗೆ ಹೋಯಿತು.

ಇನ್ನೊಂದು ಪಾಠ ಫ್ಯಾಕ್ಟರಿಗಳಿಂದ ಕಲಿತದ್ದು. ಮಗುವನ್ನು ತಂದೆ ‘ಪ್ರತಿ ಭಾನುವಾರ’ ನೋಡಬಹುದು ಎಂದು ಎಲ್ಲ ಆಫೀಸುಗಳಲ್ಲೂ ಬರೆಯುತ್ತಿದ್ದರು, ನಾವೂ ಬರೆಯುತ್ತಿದ್ದೆವು. ಹೊಸೂರಿನ ಫ್ಯಾಕ್ಟರಿಗಳಲ್ಲಿ ವಾರದ ರಜೆ ಭಾನುವಾರವೇ ಇರಬೇಕೆಂದಿಲ್ಲ. ಕರೆಂಟು ತೆಗೆಯುವ ದಿನಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಗುರುವಾರ ರಜೆಯಿದ್ದ ಒಬ್ಬ ಅಪ್ಪ ಗುರುವಾರವೇ ಶಾಲೆಯ ಗೇಟಿಗೆ ಹೋಗಿ ನಿಂತ. ಕೋರ್ಟು ಹೇಳಿದ ದಿನ ಇದಲ್ಲ ಎಂದು ಮಗುವಿನ ಸೋದರಮಾವಂದಿರು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಅಂದಿನಿಂದ ನಾವು ‘ತಂದೆಯ ವಾರದ ರಜೆಯ ದಿನ’ ಎಂದು ಬರೆಯತೊಡಗಿದೆವು. ಕಾನೂನಿನ ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಈಗ ಆ ಕೇಸು.

ನಾಗೇಶ ಮತ್ತು ಮಂಜುಳ ಟೆಂಪೋ ಇಲ್ಲದೆ, ಇಬ್ಬರೇ ಬಂದವರು. ಅವನು ವಾಹನದ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಆಪರೇಟರ್. ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದಳು. ಏಳು ವರ್ಷದ ಮಗಳು ಚೈತ್ರ. ಇಬ್ಬರಿಗೂ ಬಿಡುಗಡೆ ಬೇಕಾಗಿತ್ತು. ವಿಚ್ಛೇದನಕ್ಕೆ ನಮ್ಮ ಜನ ಅನ್ನುವುದು ಬಿಡುಗಡೆ ಎಂದೇ. ನಾನು ಹೆಸರು ವಿಳಾಸ ಬರೆದುಕೊಳ್ಳುತ್ತಿದ್ದಾಗ ಮಂಜುಳ, “ಅದು ಮಾವನ ಹತ್ರ ಕೇಳಿ” ಎಂದಳು.

“ನಿಮ್ಮ ಮಾವ ಕೆಳಗಿದಾರಾ? ಮೇಲೆ ಬರೋ ಹಾಗಿಲ್ಲ.”

“ಇಲ್ಲೇ ಕೂತವ್ನಲ್ಲ” ಎಂದು ಅವಳು ಗಂಡನ ಕಡೆ ಗಲ್ಲ ಎತ್ತಿದಳು. “ನಮ್ಮಮ್ಮನ ತಮ್ಮ.”

ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಡೆಂಕಣಿಕೋಟೆಯಿಂದ ಕೋಲಾರದವರೆಗೆ ಯಾವ ಊರಿಗೆ ಹೋದರೂ ಅಂಥ ಮನೆ ಸಿಗುತ್ತದೆ. ನನಗದು ಹಿಡಿಸುತ್ತಿರಲಿಲ್ಲ. ಕಾಲೇಜಿನಲ್ಲಿ ರಕ್ತಸಂಬಂಧದ ಮದುವೆಯ ವಿರುದ್ಧ ಮಾತಾಡಿ ಕಪ್ ಗೆದ್ದವಳು ನಾನು. ತೊಟ್ಟಿಲು ತೂಗಿದವನನ್ನೇ ಮುಂದೆ ಗಂಡನೆಂದು ತೋರಿಸಿ ಬೆಳೆಸುವುದು ಹುಡುಗಿಯ ಒಪ್ಪಿಗೆ ಹೇಗಾಗುತ್ತದೆ ಎನ್ನುವುದು ಅಂದಿನ ನನ್ನ ವಾದ. ಇಂದಿಗೂ ಅದೇ.

ನಾಗೇಶ ಟೀ ತರಲು ಕೆಳಗಿಳಿದಾಗ ಮಂಜುಳ ನನ್ನ ಹತ್ತಿರ ಹೇಳಿದಳು: “ಮಾವನಾಗಿದ್ದಾಗ ಒಳ್ಳೇವ್ನೇ ಅಕ್ಕ. ಸಂತೆಯಿಂದ ನಂಗೆ ಬಳೆ, ಮಂಡಕ್ಕಿ ತತ್ತಿದ್ದ. ಗಂಡನಾದ ಮೇಲೇ ಕೆಟ್ಟಿದ್ದು.”

ಈ ಜೋಡಿಗೆ ಗೋವಿಂದಪ್ಪನವರ ಪ್ರಶ್ನೆಗಳು ಸಾಲಲಿಲ್ಲ. ಬೇರೆಯವರಿಗೆ ಬಿಟ್ಟ ಮೇಲೆ ಹೆಂಡತಿ ತವರಿಗೆ ಹೋಗುತ್ತಾಳೆ, ಗಂಡ ಆ ಕಡೆ ತಲೆ ಹಾಕುವುದಿಲ್ಲ. ಇಲ್ಲಿ ಮಂಜುಳಳ ತವರು ನಾಗೇಶನ ಅಕ್ಕನ ಮನೆ. ಅವಳ ಅತ್ತೆ ಅವಳ ಸ್ವಂತ ಅಜ್ಜಿ. ಡಿಕ್ರಿ ಆದ ಮಾರನೆ ದಿನ ಅವನು ಗಂಡನಲ್ಲ, ಸರಿ. ಸೋದರಮಾವನಲ್ಲ ಎನ್ನಲು ಯಾವ ಕಾನೂನಿದೆ? ಅಕ್ಕನ ಮನೆಗೆ ಅವನು ಹಬ್ಬಕ್ಕೆ ಬರಬಹುದೇ? ಬಂದರೆ ಇವಳು ಬಡಿಸಬೇಕೇ?

ಗೋವಿಂದಪ್ಪನವರು ಗಂಟೆಗಟ್ಟಲೆ ಕೂತು ಇದನ್ನೂ ಷರತ್ತುಗಳಲ್ಲಿ ಸೇರಿಸಿದರು. ‘ನಾಗೇಶನು ತನ್ನ ಅಕ್ಕ ಜಯಮ್ಮನ ಮನೆಗೆ ತಮ್ಮನಾಗಿ ಬರತಕ್ಕದ್ದು, ಮಂಜುಳ ಅಲ್ಲಿರುವಾಗ ಮುಂಚಿತವಾಗಿ ತಿಳಿಸಿ ಬರತಕ್ಕದ್ದು.’ ಮಗಳು ತಾಯಿಯ ಬಳಿ. ತಂದೆ ತನ್ನ ವಾರದ ರಜೆಯ ದಿನ ನೋಡುವುದು. ಮಂಜುಳಳಿಗೂ ಮಗುವಿಗೂ ಜೀವನಾಂಶ. ಸೈಟು ಚೈತ್ರಳ ಹೆಸರಿಗೆ. ಇಬ್ಬರೂ ಜಂಟಿಯಾಗಿ ಅರ್ಜಿ ಹಾಕಿದರು. ಪರಸ್ಪರ ಒಪ್ಪಿಗೆಯಿದ್ದರೂ ಕಾನೂನಿನಂತೆ ಆರು ತಿಂಗಳು ಕಾಯಬೇಕು.

ಆ ಆರು ತಿಂಗಳು ತುಂಬುವ ಮೊದಲೇ ಒಂದು ಸಂಜೆ ಮಂಜುಳ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಶಿಫ್ಟ್ ಮುಗಿಸಿ ನೇರ ಬಂದಿದ್ದಳು, ಕೂದಲಲ್ಲಿ ದಾರದ ಎಳೆಗಳಿದ್ದವು. ಕೈಯಲ್ಲಿ ಕೋರ್ಟಿನ ನೋಟೀಸು.

“ತಮಿಳಲ್ಲಿ ಏನೋ ಬರ್ದವ್ರೆ ಅಕ್ಕ. ಸೂಪರ್‌ವೈಸರ್ ಓದಿ ನಕ್ಬುಟ್ಟ. ಏನಂತ ಹೇಳ್ಲಿಲ್ಲ.”

ನಾನು ಓದಿದೆ. ನಾಗೇಶ ಕೃಷ್ಣಗಿರಿಯ ಒಬ್ಬ ವಕೀಲರನ್ನು ಹಿಡಿದಿದ್ದ. ಜಂಟಿ ಅರ್ಜಿಯಿಂದ ಹಿಂದೆ ಸರಿದು ಬೇರೆ ಅರ್ಜಿ ಹಾಕಿದ್ದ. ವಾದ ಸರಳವಾಗಿತ್ತು. ಹಿಂದೂ ವಿವಾಹ ಕಾಯಿದೆಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು ನಿಷಿದ್ಧ ಸಂಬಂಧ. ಆದ್ದರಿಂದ ಈ ಮದುವೆ ಅಸಿಂಧು. ಆಗದ ಮದುವೆಗೆ ವಿಚ್ಛೇದನ ಬೇಡ, ಆರು ತಿಂಗಳು ಕಾಯುವುದೂ ಬೇಡ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪರಿಚಯವಾದ ಹುಡುಗಿಯೊಂದಿಗೆ ಅವನ ಮದುವೆಗೆ ಛತ್ರ ಗೊತ್ತಾಗಿತ್ತು ಎನ್ನುವುದು ಆಮೇಲೆ ತಿಳಿಯಿತು.

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಎದ್ದು ಚಪ್ಪಾಳೆ ತಟ್ಟುತ್ತಿದ್ದೆ. ನನಗೆ ಕಪ್ ತಂದುಕೊಟ್ಟ ವಾದವನ್ನೇ ಹರಿತ ಮಾಡಿ ನನ್ನ ಕಕ್ಷಿದಾರಳ ಕುತ್ತಿಗೆಗೆ ಇಟ್ಟಿದ್ದರು. ಅವಳಿಗೆ ಬಿಡಿಸಿ ಹೇಳಿದೆ: ಇದು ನಿಂತರೆ ನೀನು ಅವನ ಹೆಂಡತಿಯಾಗಿರಲೇ ಇಲ್ಲ ಎಂದಾಗುತ್ತದೆ. ಹೆಂಡತಿಯಲ್ಲದವಳ ಜೀವನಾಂಶದ ಹಕ್ಕು ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಮಗುವಿಗೆ ಅಪ್ಪನ ಸ್ವಂತದ್ದರಲ್ಲಿ ಪಾಲುಂಟು, ವಂಶದ ಜಮೀನಿನಲ್ಲಿ ಇಲ್ಲ.

ಮಂಜುಳ ನೋಟೀಸನ್ನು ಮಡಿಸಿದಳು, ಮತ್ತೆ ಬಿಚ್ಚಿದಳು.

“ಮದ್ವೆನೇ ಆಗ್ಲಿಲ್ವಾ? ಅಂಗಾದ್ರೆ ಇಷ್ಟ್ ವರ್ಸ ನಾನ್ ಯಾರ್ ಮನೇಲಿ ಇದ್ದೆ?”

“ಅವರ ವಾದ ಅಷ್ಟೆ ಮಂಜುಳ.”

“ವಾದ ಅಲ್ಲ ಅಕ್ಕ. ನಂಗೆ ಬಿಡುಗಡೆ ಬೇಕು. ಅವ್ನು ಇನ್ನೊಬ್ಳನ್ನ ಕಟ್ಕಳ್ಳಿ, ನಂಗೇನ್ ಹೊಟ್ಟೆಕಿಚ್ಚಿಲ್ಲ. ಆದ್ರೆ ಆಗಿರೋ ಮದ್ವೆ ಬಿಟ್ಟೋಳು ಅನ್ನಿಸ್ಕೊತೀನಿ. ಆಗ್ದೇ ಇರೋ ಮದ್ವೇಲಿ ಮಗು ಹೆತ್ತೋಳು ಅನ್ನಿಸ್ಕೊಳಾಕಿಲ್ಲ. ನೀವು ಆಗಲ್ಲ ಅಂದ್ರೂ ನಾನ್ ಬುಡಲ್ಲ. ಬೇರೆ ಲಾಯರ್ ಹತ್ರ ಹೋತೀನಿ.”

ಬೇರೆಯವರ ಹತ್ತಿರ ಹೋಗಲು ನಾನು ಬಿಡಲಿಲ್ಲ. ಬಿಡುಗಡೆ ಬೇಕೆನ್ನುವ ಹೆಂಗಸು ಮೊದಲು ತನಗೆ ಮದುವೆಯಾಗಿತ್ತೆಂದು ಸಾಬೀತು ಮಾಡಬೇಕಾಗಿತ್ತು. ಅದನ್ನು ಮಾಡಿಯೇ ತೀರುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ದಾರಿ ಕಾಯಿದೆಯಲ್ಲೇ ಇತ್ತು. ಕುಲದ ಪದ್ಧತಿ ಒಪ್ಪಿದರೆ ಈ ನಿಷೇಧ ಅನ್ವಯಿಸುವುದಿಲ್ಲ. ಆದರೆ ಪದ್ಧತಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಬೀತು ಮಾಡುವ ಹೊರೆ ನಮ್ಮ ಮೇಲೆ. ನಾನು, ಅಂದರೆ ಆ ಪದ್ಧತಿಯನ್ನು ಒಪ್ಪದವಳು, ಅದರ ಪರವಾಗಿ ನಿಲ್ಲಬೇಕು. ಗೋವಿಂದಪ್ಪನವರ ಮುಂದೆ ಗೊಣಗಿದೆ. ಇದೆಂಥ ಪದ್ಧತಿ ಸಾರ್, ಇದನ್ನ ಎತ್ತಿ ಹಿಡೀಬೇಕಾ ಎಂದೆ.

“ನನ್ ಹೆಂಡ್ತಿ ಯಾರು ಗೊತ್ತೇನಮ್ಮ?” ಎಂದರು ಅವರು, ಫೈಲಿನಿಂದ ತಲೆಯೆತ್ತದೆ. “ನಮ್ಮ ದೊಡ್ಡಕ್ಕನ ಮಗ್ಳು. ಹೋದ ವಾರ ನೀನು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ಯಲ್ಲ ಒಬ್ಬಟ್ಟು, ಅವಳೇ ಮಾಡಿದ್ದು.”

ನನ್ನ ಮುಖ ನೋಡಿ ಅವರೇ ನಕ್ಕರು. ನಾನು ಸೋಲಲಿಲ್ಲ.

“ಸಾರ್, ಪದ್ಧತಿ ಒಳ್ಳೇದು ಅಂತ ನಾನು ಒಂದು ಮಾತೂ ಹೇಳಲ್ಲ. ಇತ್ತು, ಇದೆ ಅಂತ ಮಾತ್ರ ಸಾಬೀತು ಮಾಡ್ತೀನಿ. ಎರಡೂ ಬೇರೆ ಬೇರೆ.”

“ಅದು ನಿಂಗೆ ಗೊತ್ತು” ಎಂದರು ಗೋವಿಂದಪ್ಪನವರು. “ಕೇಳ್ಕೊಂಡು ಮನೆಗೆ ಹೋಗೋರ್‌ಗೆ ಗೊತ್ತಿರ್ತದಾ?”

ಸಾಕ್ಷಿ ಹುಡುಕಿಕೊಂಡು ಡೆಂಕಣಿಕೋಟೆಯ ಆಚೆ ಜಯಮ್ಮನ ಊರಿಗೆ ಹೋದೆ. ಜಯಮ್ಮ ಅಂದರೆ ಮಂಜುಳಳ ತಾಯಿ, ನಾಗೇಶನ ಅಕ್ಕ. ಹಗಲಿನಲ್ಲೇ ಮನೆಯ ಯಜಮಾನರು ಮುಸುಕು ಹಾಕಿ ಮಲಗಿದ್ದರು. ರಾತ್ರಿಯೆಲ್ಲ ರಾಗಿ ಹೊಲಕ್ಕೆ ಆನೆ ನುಗ್ಗದಂತೆ ಕಾದು ಬಂದವರು. ಹೈಸ್ಕೂಲು ಓದುತ್ತಿದ್ದ ಕೊನೆಯ ಮಗ ಸುರೇಶ ಜಗಲಿಯಲ್ಲಿ ಕೂತು ಬರೆಯುತ್ತಿದ್ದ. ಜಯಮ್ಮ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಸಾಕ್ಷಿಗೆ ಮಾತ್ರ ಬರುವುದಿಲ್ಲ ಎಂದರು.

“ನಿಮ್ಮ ಮಗಳ ಮರ್ಯಾದೆ ಪ್ರಶ್ನೆ ಜಯಮ್ಮ.”

“ಅವ್ನು ನನ್ ಸೊಂಟದ ಮೇಲೆ ಬೆಳ್ದೋನು, ಇವ್ಳು ನನ್ ಹೊಟ್ಟೇಲಿ ಹುಟ್ಟಿದೋಳು. ಯಾರ್ ಮೇಲೆ ಹೇಳ್ಲಿ ಲಾಯರಮ್ಮ?”

“ಯಾರ ಮೇಲೂ ಬೇಡ. ಮದುವೆ ನೀವೇ ಮಾಡಿಕೊಟ್ಟಿದ್ದು ಅಂತ ಹೇಳಿ ಸಾಕು.”

“ಹಂಗಂದ್ರೆ ಅವ್ನು ಸುಳ್ಳ ಅಂದಂಗಾಯ್ತಲ್ಲ. ನನ್ ಬಾಯಲ್ಲಿ ಬರಾಕಿಲ್ಲ.”

ಊರಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. “ಇದ್ಕೇನ್ ಸಾಕ್ಷಿ ತಾಯಿ, ಅರ್ಧ ಊರು ಹಂಗೇ ಐತೆ” ಎನ್ನುತ್ತಾರೆ; ಕೋರ್ಟಿಗೆ ಬನ್ನಿ ಎಂದರೆ ರಾಗಿ ಕೊಯ್ಲು ನೆನಪಾಗುತ್ತದೆ. ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಎರಡು ಕಡೆಗಳಿದ್ದರೆ ಒಂದು ಕಡೆಯವರು ಬಂದಾರು. ಇಲ್ಲಿ ಇದ್ದದ್ದು ಒಂದೇ ಕಡೆ. ಬರಿಗೈಯಲ್ಲಿ ಬಸ್ಸು ಹತ್ತಿದೆ. ಕೆಲಮಂಗಲ ದಾಟುವಾಗ ಹೊಳೆಯಿತು: ಪದ್ಧತಿ ಇಲ್ಲ ಎನ್ನುತ್ತಿರುವವನೂ ಅದೇ ಮನೆಯವನಲ್ಲವೇ? ಸಾಕ್ಷಿ ಬೇರೆ ಯಾಕೆ? ಅವನ ಬಾಯಿಂದಲೇ ಹೊರಡಿಸಬೇಕು.

ಪಾಟೀಸವಾಲಿನ ದಿನ ಬಂತು. ನಮ್ಮ ನ್ಯಾಯಾಧೀಶರು ತಮಿಳುನಾಡಿನ ದಕ್ಷಿಣದ ಜಿಲ್ಲೆಯವರು. ಅವರಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಸಾಕ್ಷಿ ಕನ್ನಡದಲ್ಲಿ ಹೇಳಬಹುದೆಂದು ಒಪ್ಪಿದರು, ಟೈಪಿಸ್ಟ್ ತಮಿಳಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ನಾಗೇಶ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ನಿಂತ. ಅವನ ಜೊತೆಯಲ್ಲೇ ವಾಸವಿದ್ದ ತಾಯಿ ಪುಟ್ಟಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಂಜುಳಳಿಗೆ ಅಜ್ಜಿಯೂ ಅತ್ತೆಯೂ ಆದವರು. ಏನೋ ಸೈಟಿನ ಕೆಲಸ ಎಂದು ಹೇಳಿ ಮಗ ಕರೆತಂದಿದ್ದನಂತೆ. ತಾಯಿ ತನ್ನ ಕಡೆ ಕೂತರೆ ಚೆನ್ನಾಗಿ ಕಾಣುತ್ತದೆಂದು ಅವನ ವಕೀಲರು ಹೇಳಿದ್ದಿರಬೇಕು.

ನಾನು ನಿಧಾನವಾಗಿ ಶುರು ಮಾಡಿದೆ.

“ನಿಮ್ಮ ಮದುವೆ ಎಲ್ಲಿ ಆಯ್ತು?”

“ನಮ್ಮೂರಲ್ಲಿ.”

“ಊರವರು ಬಂದಿದ್ರಾ?”

“ಬಂದಿದ್ರು.”

“ಅಕ್ಕನ ಮಗಳನ್ನ ಯಾಕೆ ತರ್ತೀಯ ಅಂತ ಯಾರಾದ್ರೂ ಕೇಳಿದ್ರಾ?”

“...ಇಲ್ಲ.”

“ಯಾಕೆ ಕೇಳ್ಲಿಲ್ಲ?”

ಅವನು ತನ್ನ ವಕೀಲರ ಕಡೆ ನೋಡಿದ. ನಾನು ಮುಂದಿನದನ್ನು ಕೇಳಿದೆ.

“ನಿಮ್ಮ ತಾಯಿ ಮದುವೆಗೆ ಮುಂಚೆ ನಿಮ್ಮ ತಂದೆಗೆ ಏನಾಗಬೇಕಾಗಿತ್ತು?”

ನಾಗೇಶ ಕಟಕಟೆಯ ಮರದ ಪಟ್ಟಿಯನ್ನು ಉಗುರಿನಿಂದ ಕೆರೆಯತೊಡಗಿದ. ಎದುರಿನ ವಕೀಲರು ಆಕ್ಷೇಪಿಸಲು ಏಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಅಕ್ಕನ ಮಗ್ಳು ಕಣ್ಲಾ! ಹೇಳ್ಲಾ, ಯಾಕ್ ಬಾಯಿ ಹೊಲ್ಕಂಡಿದೀಯ? ನಾನೇನು ಓಡ್ಬಂದೋಳಾ?”

ಪುಟ್ಟಮ್ಮ ಎದ್ದು ನಿಂತಿದ್ದರು. ಕೋರ್ಟು ನಕ್ಕಿತು. ಬೆಂಚ್ ಕ್ಲರ್ಕ್ “ಉಕ್ಕಾರುಂಗಮ್ಮಾ, ಉಕ್ಕಾರುಂಗ” ಎಂದು ಕೂರಲು ಹೇಳುತ್ತಾ ಓಡಿದರು. ನ್ಯಾಯಾಧೀಶರೂ ನಕ್ಕರೆನ್ನುವುದು ಟೀ ಅಂಗಡಿಯ ಸೇರ್ಪಡೆ. ಅವರು ಮೇಜು ತಟ್ಟಿ ಅಜ್ಜಿಯನ್ನು ಕೂರಿಸಿದರು, ಟೈಪಿಸ್ಟ್‌ಗೆ ಅದನ್ನು ಬರೆಯಬೇಡಿ ಎಂದರು.

ಆದ್ದರಿಂದ ನಾನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಈ ಸಲ ನಾಗೇಶ, “ಅಕ್ಕನ ಮಗಳು” ಎಂದ. ಅದು ದಾಖಲಾಯಿತು. ಕೃಷ್ಣಗಿರಿಯ ವಕೀಲರು ಸಾಮಾನ್ಯರಲ್ಲ. ಎರಡು ಮದುವೆಗಳಿಂದ ಪದ್ಧತಿ ಆಗುವುದಿಲ್ಲ ಎಂದು ಎದ್ದರು. ಸರಿಯಾದ ಮಾತು. ಹಾಗಾಗಿ ನಾನು ಬಿಡಲಿಲ್ಲ. ನಿಮ್ಮ ದೊಡ್ಡಪ್ಪ ಯಾರನ್ನು ತಂದರು? ನಿಮ್ಮ ಪಕ್ಕದ ಮನೆಯವರು? ನಿಮ್ಮ ಕುಲದ ಗೌಡರು? ಅವರ ಅಪ್ಪ? ಒಂದೊಂದಕ್ಕೂ ಅವನು ನೆಲ ನೋಡಿಕೊಂಡು, “ಅಕ್ಕನ ಮಗಳನ್ನ” ಎನ್ನುತ್ತಾ ಹೋದ. ಇಲ್ಲ ಎನ್ನಬಹುದಾಗಿತ್ತು. ಹಿಂದೆ ತಾಯಿ ಕೂತಿದ್ದರು. ಅವನಿಗೆ ಸುಳ್ಳು ಹೇಳಲಾಗಲಿಲ್ಲ. ಅಜ್ಜಿಯ ಕೊಡುಗೆ ಅಷ್ಟು. ಅದು ಸಣ್ಣದೆಂದು ನಾನು ಹೇಳುವುದಿಲ್ಲ.

ನನ್ನ ಬಳಿ ಇನ್ನೊಂದು ಪ್ರಶ್ನೆ ಉಳಿದಿತ್ತು. ರಾತ್ರಿಯೆಲ್ಲ ತಿದ್ದಿ ತೀಡಿದ ಪ್ರಶ್ನೆ. ‘ಹಾಗಾದರೆ ನಿಮ್ಮ ವಾದದ ಪ್ರಕಾರ ಅಲ್ಲಿ ಕೂತಿರುವ ನಿಮ್ಮ ತಾಯಿ ಯಾರ ಹೆಂಡತಿ, ನೀವು ಯಾರ ಮಗ?’ ಬಾಯಿ ತೆರೆದಿದ್ದೆ. ಗೋವಿಂದಪ್ಪನವರು ಹಿಂದಿನಿಂದ ನನ್ನ ಗೌನನ್ನು ಹಿಡಿದು ಒಮ್ಮೆ ಎಳೆದರು. ತಿರುಗಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಸೆರಗನ್ನು ಬಾಯಿಗಿಟ್ಟುಕೊಂಡು ಮಗನ ಬೆನ್ನನ್ನೇ ನೋಡುತ್ತಿದ್ದ ಪುಟ್ಟಮ್ಮನ ಕಡೆ ನೋಡುತ್ತಿದ್ದರು. ಮಗ ಯಾಕೆ ಕೋರ್ಟಿಗೆ ಬಂದಿದ್ದಾನೆಂದು ಆಕೆಗೆ ಆಗಷ್ಟೇ ಅರ್ಥವಾಗುತ್ತಿತ್ತು.

“ಇನ್ನು ಪ್ರಶ್ನೆಗಳಿಲ್ಲ” ಎಂದೆ.

ಊಟದ ಬಿಡುವಿನಲ್ಲಿ ಕೃಷ್ಣಗಿರಿಯ ವಕೀಲರು ನನ್ನ ಬಳಿ ಬಂದರು. “ಮೇಡಂ, ಒರು ಕೇಳ್ವಿ ಬಾಕಿ ವೆಚ್ಚಿಟ್ಟೀಂಗಳೇ” ಎಂದರು, ಒಂದು ಪ್ರಶ್ನೆ ಬಾಕಿ ಇಟ್ಟುಬಿಟ್ಟಿರಲ್ಲ ಎಂದು. ಅವರಿಗೂ ಅದು ಕಂಡಿತ್ತು. “ನಿಮ್ಮ ಕಕ್ಷಿದಾರನಿಗೆ ಬಿಟ್ಟಿದೀನಿ ಸಾರ್, ಅವರೇ ಕೇಳಿಕೊಳ್ಳಲಿ” ಎಂದೆ.

ಪುಟ್ಟಮ್ಮ ಮಗ ತಂದ ಪೊಟ್ಟಣವನ್ನು ಮುಟ್ಟಲಿಲ್ಲ. ವರಾಂಡದ ಕೊನೆಗೆ ನಡೆದುಹೋಗಿ ಮಂಜುಳಳ ಪಕ್ಕದಲ್ಲಿ ಕೂತು, “ಏನ್ ತಂದಿದೀಯಮ್ಮಿ?” ಎಂದರು. ಅವಳು ಚಿತ್ರಾನ್ನದ ಡಬ್ಬಿ ಮುಂದಿಟ್ಟಳು. ಇಬ್ಬರೂ ಒಂದೇ ಡಬ್ಬಿಯಿಂದ ತಿಂದರು. ಕೋರ್ಟು ಮತ್ತೆ ಕೂರುವ ಮೊದಲು ನಾಗೇಶ ಗೋವಿಂದಪ್ಪನವರ ಬಳಿ ಬಂದು ನಿಂತ.

“ಸಾರ್, ಹಳೇದೇ ಆಗ್ಲಿ ಬುಡಿ.”

“ಹಳೇದು ಅಂದ್ರೆ ಹೊಸದಾಗಿ ಅರ್ಜಿ ಹಾಕ್ಬೇಕಪ್ಪ. ಮತ್ತೆ ಆರು ತಿಂಗ್ಳು.”

“ಛತ್ರಕ್ಕೆ ಅಡ್ವಾನ್ಸ್ ಕೊಟ್ಬುಟ್ಟಿದೀನಿ ಸಾರ್.”

“ಹೋಗಿ ಛತ್ರದೋರ್ ಕಾಲ್ ಹಿಡ್ಕೊ. ನ್ಯಾಯಾಧೀಶರ ಕಾಲ್ ಹಿಡಿಯೋದಕ್ಕಿಂತ ಸುಲಭ.”

ಅರ್ಜಿ ವಾಪಸಾಯಿತು. ತೀರ್ಪೇ ಬರಲಿಲ್ಲ, ಆದ್ದರಿಂದ ಯಾರೂ ಗೆಲ್ಲಲಿಲ್ಲ ಎಂದೆ. ಆದರೆ ಹೊಸ ಜಂಟಿ ಅರ್ಜಿಯ ಕರಡು ಮಾಡುವಾಗ ಮಂಜುಳ ಎದುರಿಗೇ ಕೂತಳು. ‘ಅರ್ಜಿದಾರರ ವಿವಾಹವು ಕುಲದ ಪದ್ಧತಿಯಂತೆ ನಡೆದಿದ್ದು ಸಿಂಧುವಾಗಿದೆ’ ಎನ್ನುವ ಸಾಲು ಎಲ್ಲಕ್ಕಿಂತ ಮೊದಲು ಬರಬೇಕೆಂದಳು. ನಾಲ್ಕನೆಯ ಪ್ಯಾರಾದಲ್ಲಿ ಬಂದರೂ ಅರ್ಥ ಒಂದೇ ಎಂದೆ. “ನಿಮಗೆ ಒಂದೇ” ಎಂದಳು. ಅದು ಮೊದಲು ಬಂತು. ನಾಗೇಶ ಓದಿಸಿ ಕೇಳಿ ಸಹಿ ಹಾಕಿದ. ಉಳಿದ ಷರತ್ತುಗಳು ಮೊದಲಿನವೇ.

ಆರು ತಿಂಗಳು ಕಳೆದು ಡಿಕ್ರಿಯಾಯಿತು. ಟೀ ಅಂಗಡಿಯ ಕಥೆಯೂ, ಅದನ್ನು ಸ್ವಲ್ಪ ಉದ್ದ ಮಾಡಿ ಹೇಳುವವರ ಕಥೆಯೂ ಇಲ್ಲಿಗೆ ಮುಗಿಯುತ್ತದೆ. ನನ್ನ ಮೂರನೆಯ ಆಕ್ಷೇಪಣೆ ಇಲ್ಲಿಂದ.

ಡಿಕ್ರಿಯ ದಿನ ಜಯಮ್ಮ ಮೊದಲ ಬಾರಿಗೆ ಕೋರ್ಟಿಗೆ ಬಂದಿದ್ದರು. ಜೊತೆಯಲ್ಲಿ ಚೈತ್ರ, ಪುಟ್ಟಮ್ಮ. ಸಾಕ್ಷಿಗೆ ಬಾರದವರು ಈಗ ಮಡಿಲ ತುಂಬ ಕಡಲೆಕಾಯಿ ತಂದಿದ್ದರು. ಆವರಣದ ಹೊಂಗೆ ಮರದ ಕೆಳಗೆ ನನ್ನ ಎರಡೂ ಕೈಗೆ ತುಂಬಿದರು.

“ನಮ್ ಮಾನ ಉಳಿಸಿದ್ರಿ ಲಾಯರಮ್ಮ. ನಮ್ ಪದ್ಧತಿ ಸರಿ ಅಂತ ಕೋರ್ಟೇ ಒಪ್ಕಂತು.”

ನಾನು ನಕ್ಕೆ. ಅವರು ಮುಂದುವರಿಸಿದರು.

“ಇನ್ನ್ ಯಾರೂ ಬಾಯಿ ಮಾಡಂಗಿಲ್ಲ. ನಮ್ ಸುರೇಶ ಓದು ಮುಗ್ಸಿ ಒಂದ್ ಕೆಲ್ಸ ಅಂತ ಹಿಡ್ಕಳ್ಳಿ. ಚೈತ್ರನ್ನ ಅವ್ನಿಗೇ ತಂದ್ಕತೀವಿ. ಮಗು ಮನೇಲೇ ಉಳೀತದೆ.”

ಸುರೇಶ, ಅಂದರೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದ ಹುಡುಗ. ಮಂಜುಳಳ ತಮ್ಮ. ಚೈತ್ರಳ ಸೋದರಮಾವ. ಪುಟ್ಟಮ್ಮ ಹೌದೆಂದು ತಲೆಯಾಡಿಸಿದರು.

“ಜಯಮ್ಮ” ಎಂದೆ, “ಕೋರ್ಟು ನಿಮ್ಮ ಪದ್ಧತಿ ಸರಿ ಅಂತ ಹೇಳಿಲ್ಲ. ನಾನೂ ಹೇಳಿಲ್ಲ. ಇದೆ ಅಂತ ನಾವು ಹೇಳಿದ್ದು, ಅಷ್ಟೆ.”

“ಸರಿ ಇಲ್ದಿದ್ರೆ ಇಷ್ಟ್ ದಿನ ಇರ್ತಿತ್ತಾ?” ಎಂದರು ಜಯಮ್ಮ. ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳಿದ್ದರು.

ಸೋದರಮಾವನ ಹೆಸರು ಕಿವಿಗೆ ಬಿದ್ದದ್ದಕ್ಕೆ ಚೈತ್ರ, “ಸುರೇಶ್ ಮಾವ ನಂಗೆ ಸೈಕಲ್ ಹೇಳ್ಕೊಡ್ತಾನೆ” ಎಂದಳು. ಮಂಜುಳ ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ತಾಯಿಯ ಮಾತು ಅವಳಿಗೆ ಕೇಳಿಸಿತ್ತು. ಪಟ್ಟಿಯ ಮೇಲೆ ಕೈ ನಿಂತಿತ್ತು. ಕಡಲೆಕಾಯಿಯನ್ನು ಚೀಲಕ್ಕೆ ಸುರಿದುಕೊಂಡು ನಾನೂ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅವಳಿಗಾಗಿ ವಕಾಲತ್ತು ಹಾಕಿದಂದಿನಿಂದ ಕೇಳಬೇಕಾಗಿದ್ದನ್ನು ಆಗ ಕೇಳಿದೆ:

“ಮಂಜುಳ, ಚೈತ್ರ ದೊಡ್ಡವಳಾಗಿ, ನಿಮ್ಮಮ್ಮ ಈ ಮಾತು ಮತ್ತೆ ಎತ್ತಿದ ದಿನ, ನೀನು ಯಾರ ಕಡೆ ಸಾಕ್ಷಿ ಹೇಳ್ತೀಯ?”